ಪಾರ್ಕಿನ್ಸನ್ ಗೊತ್ತುಮಾಡಲು ಸ್ಕ್ಯಾನ್ ಬೇಕೇ? ಮೊದಲು ಮಾತ್ರೆಯ ಚೀಲ ತನ್ನಿ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 63 ವರ್ಷ. ಮಾವಿನ ತೋಟ ಇದೆ, ಎರಡು ಸೀಮೆಹಸು ಇವೆ. ಹೋದ ವರ್ಷ ಕಾಯಿ ಕೀಳುವ ಕಾಲದಿಂದ ಬಲಗೈ ನಡುಗುತ್ತಿದೆ, ನಡಿಗೆಯೂ ನಿಧಾನವಾಗಿದೆ. ಕೋಲಾರದಲ್ಲಿ ತೋರಿಸಿದಾಗ ಪಾರ್ಕಿನ್ಸನ್ ಇರಬಹುದು ಎಂದು ಮಾತ್ರೆ ಬರೆದುಕೊಟ್ಟರು. ಎಂಆರ್‌ಐ ಮಾಡಿಸಿದರೆ ನಾರ್ಮಲ್ ಎಂದು ಬಂತು. ನಾರ್ಮಲ್ ಬಂದ ಮೇಲೆ ಕಾಯಿಲೆ ಎಲ್ಲಿಂದ ಬಂತು ಎನ್ನುತ್ತಾ ಚಿಕ್ಕಪ್ಪ ಮಾತ್ರೆ ಶುರುಮಾಡಲು ಬಿಡುತ್ತಿಲ್ಲ. ಬೆಂಗಳೂರಿನಲ್ಲಿ ಡೋಪಮೈನ್ ಸ್ಕ್ಯಾನ್ ಅಂತ ಇದೆಯಂತೆ, ಅದರಲ್ಲಿ ನೂರಕ್ಕೆ ನೂರು ಗೊತ್ತಾಗುತ್ತದಂತೆ. ಸಾಲ ಮಾಡಿಯಾದರೂ ಮಾಡಿಸಬೇಕೇ? ಗ್ಯಾಸ್ ಟ್ರಬಲ್ ಬಿಟ್ಟರೆ ಅಪ್ಪನಿಗೆ ಬೇರೆ ತೊಂದರೆ ಇಲ್ಲ. ಅದಕ್ಕೆ ಎರಡು ವರ್ಷದಿಂದ ಮೆಡಿಕಲ್ ಶಾಪಿನಿಂದಲೇ ಮಾತ್ರೆ ತಂದುಕೊಡುತ್ತಿದ್ದೇವೆ.

ಉತ್ತರ: ನೀವು ಪ್ರಶ್ನೆಯಾಗಿ ಕೇಳದೆ, ಮಾತಿಗೆ ಮಾತು ಸೇರಿಸಿ ಬರೆದ ಕೊನೆಯ ಸಾಲೇ ನನ್ನ ಕಣ್ಣಿಗೆ ಮೊದಲು ಬಿತ್ತು. ಆ ಗ್ಯಾಸ್ ಮಾತ್ರೆ ಯಾವುದು? ಸ್ಟ್ರಿಪ್ಪನ್ನು ಹಿಂದುಮುಂದು ಮಾಡಿ, ಕಂಪನಿ ಇಟ್ಟ ದೊಡ್ಡ ಹೆಸರನ್ನು ಬಿಟ್ಟು, ಕೆಳಗೆ ಸಣ್ಣಕ್ಷರದಲ್ಲಿರುವುದನ್ನು ಓದಿ. ಬರೀ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಇದ್ದರೆ ನಡುಕಕ್ಕೆ ಅದು ಕಾರಣವಲ್ಲ. ಅದರ ಜೊತೆಗೆ ಲೆವೊಸಲ್ಪಿರೈಡ್ ಎಂದೇನಾದರೂ ಇದ್ದರೆ, ಸ್ಕ್ಯಾನಿನ ಮಾತು ಆಮೇಲೆ.

ಯಾಕೆಂದು ಹೇಳುತ್ತೇನೆ. ಮೆದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಭಾಗವಿದೆ, ಸಬ್‌ಸ್ಟಾನ್ಷಿಯಾ ನೈಗ್ರಾ ಎಂದು ಅದರ ಹೆಸರು. ಅಲ್ಲಿನ ನರಕೋಶಗಳು ಡೋಪಮೈನ್ ತಯಾರಿಸಿ, ಉದ್ದನೆಯ ಎಳೆಗಳ ಮೂಲಕ ಮೆದುಳಿನ ನಡುಭಾಗದ ಸ್ಟ್ರಯೇಟಮ್‌ಗೆ ಕಳಿಸುತ್ತವೆ. ನಮ್ಮ ಓಡಾಟ, ಕೈಚಳಕ ಎಲ್ಲ ಸಲೀಸಾಗಿ ನಡೆಯುವುದು ಅದರಿಂದ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಆ ಕೋಶಗಳೇ ಸಾಯುತ್ತಾ ಹೋಗುತ್ತವೆ. ಲೆವೊಸಲ್ಪಿರೈಡ್‌ನಂಥ ಔಷಧಿಗಳಲ್ಲಿ ಕೋಶಗಳಿಗೆ ಏನೂ ಆಗಿರುವುದಿಲ್ಲ, ಡೋಪಮೈನ್ ಕೂಡ ತಯಾರಾಗುತ್ತಿರುತ್ತದೆ. ಆದರೆ ಅದು ಹೋಗಿ ಸೇರಬೇಕಾದ ಬಾಗಿಲನ್ನು ಔಷಧಿ ಮುಚ್ಚಿಬಿಟ್ಟಿರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ನಡುಕ, ಬಿಗಿತ, ನಿಧಾನ, ಭಾವನೆ ಕಾಣದ ಮುಖ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನಾರಿಜಿನ್, ಮೈಗ್ರೇನಿಗೆ ಕೊಡುವ ಫ್ಲುನಾರಿಜಿನ್, ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್‌ನಂಥವು ಕೂಡ ಇದನ್ನೇ ಮಾಡಬಲ್ಲವು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮುಳಬಾಗಿಲು ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಹತ್ತಿರ ಬಂದಿದ್ದರು. ನಿಧಾನಗತಿ, ಎರಡೂ ಕೈಯಲ್ಲಿ ನಡುಕ. ನಾನು ಪಾರ್ಕಿನ್ಸನ್ ಎಂದೇ ಮಾತ್ರೆ ಬರೆದೆ. ಮೂರು ತಿಂಗಳಾದರೂ ಗುಣ ಕಾಣಲಿಲ್ಲ. ಮುಂದಿನ ಸಲ ಬಂದಾಗ ಅವರ ಸೊಸೆ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು. ಅದರಲ್ಲಿ ಸಿನಾರಿಜಿನ್ ಇತ್ತು. ಯಾವತ್ತೋ ಒಮ್ಮೆ ತಲೆಸುತ್ತಿಗೆ ಯಾರೋ ಬರೆದದ್ದು. ನಿಲ್ಲಿಸಿ ಎಂದು ಯಾರೂ ಹೇಳದ್ದರಿಂದ ಮೂರು ವರ್ಷ ನುಂಗುತ್ತಾ ಬಂದಿದ್ದರು. ನಿಲ್ಲಿಸಿದೆವು. ಐದನೇ ತಿಂಗಳು ಬಂದಾಗ, ಹೊಸಿಲ ಮುಂದೆ ತಾವೇ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಿದ್ದೇನೆ ಎಂದರು. ಮೊದಲ ದಿನವೇ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಕೇಳಿರಲಿಲ್ಲ. ಆವತ್ತಿನಿಂದ ಮಾತ್ರೆ ಚೀಲ ನೋಡದೆ ಯಾರಿಗೂ ಪಾರ್ಕಿನ್ಸನ್ ಎಂದು ಬರೆದುಕೊಟ್ಟಿಲ್ಲ.

ನಿಮ್ಮ ಅಪ್ಪನ ವಿಷಯದಲ್ಲಿ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಔಷಧಿಯಿಂದ ಬರುವ ನಡುಕ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಪಾರ್ಕಿನ್ಸನ್ ಒಂದೇ ಕಡೆ ಶುರುವಾಗುತ್ತದೆ. ಬಲಗೈ ಮಾತ್ರ ಎಂದು ನೀವು ಬರೆದಿದ್ದೀರಿ, ಅದು ಪಾರ್ಕಿನ್ಸನ್ ಕಡೆಗೇ ವಾಲುತ್ತದೆ. ಆದರೆ ಈ ನಿಯಮ ಎಷ್ಟೋ ಸಲ ತಪ್ಪುವುದರಿಂದ ಮಾತ್ರೆಯನ್ನು ನೋಡದೆ ಬಿಡುವಂತಿಲ್ಲ.

ಇನ್ನು ಚಿಕ್ಕಪ್ಪನವರ ಮಾತು. ಎಂಆರ್‌ಐ ನಾರ್ಮಲ್ ಆದರೆ ಕಾಯಿಲೆ ಇಲ್ಲ ಎಂಬುದು ಬಹಳ ಜನರ ನಂಬಿಕೆ, ಅವರನ್ನು ತಪ್ಪೆನ್ನಲಾರೆ. ಮಾಮೂಲಿ ಎಂಆರ್‌ಐ ಮೆದುಳಿನ ಆಕಾರವನ್ನು ತೋರಿಸುತ್ತದೆ. ಪಾರ್ಕಿನ್ಸನ್‌ನಲ್ಲಿ ಸಾಯುವ ಕೋಶಗಳಿರುವ ಜಾಗ ಎಷ್ಟು ಚಿಕ್ಕದೆಂದರೆ, ಅಲ್ಲಿನ ಅರ್ಧದಷ್ಟು ಕೋಶಗಳು ಹೋಗಿದ್ದರೂ ಮೆದುಳು ನೋಡಲು ಮೊದಲಿನ ಹಾಗೇ ಇರುತ್ತದೆ. ಆದ್ದರಿಂದ ಪಾರ್ಕಿನ್ಸನ್ ಇರುವವರ ಎಂಆರ್‌ಐ ನಾರ್ಮಲ್ ಬರುವುದೇ ವಾಡಿಕೆ. ಹಾಗಾದರೆ ಮಾಡಿಸಿದ್ದು ದಂಡವೇ? ಅಲ್ಲ. ಸಣ್ಣಸಣ್ಣ ಪಾರ್ಶ್ವವಾಯುಗಳು, ತಲೆಗೆ ಪೆಟ್ಟು ಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ, ಮೆದುಳಿನ ಕೋಣೆಗಳಲ್ಲಿ ನೀರು ತುಂಬುವುದು, ಗಡ್ಡೆ — ಇವು ಕೂಡ ನಡಿಗೆಯನ್ನು ಕೆಡಿಸುತ್ತವೆ. ನಿಮ್ಮ ಅಪ್ಪನಿಗೆ ಇವು ಯಾವುವೂ ಇಲ್ಲ ಎಂದು ಆ ರಿಪೋರ್ಟ್ ಹೇಳಿದೆ. ಜೋಪಾನವಾಗಿ ಇಟ್ಟುಕೊಳ್ಳಿ, ಫಿಲ್ಮಿನ ಸಮೇತ.

ಪಾರ್ಕಿನ್ಸನ್ ಹಾಗೇ ಕಾಣುವ, ಆದರೆ ಅದಕ್ಕಿಂತ ಬೇಗ ಹದಗೆಡುವ ಬೇರೆ ಎರಡು ಮೂರು ಕಾಯಿಲೆಗಳಿವೆ. ಅವುಗಳ ಗುರುತು ಎಂಆರ್‌ಐನಲ್ಲಿ ಸಿಗುವುದುಂಟು. ಪಿಎಸ್‌ಪಿ ಎಂಬ ಕಾಯಿಲೆಯಲ್ಲಿ ನಡುಮೆದುಳು ಸವೆದು, ಅಡ್ಡದಿಂದ ನೋಡಿದಾಗ ಚೂಪು ಕೊಕ್ಕಿನ ಪುಟ್ಟ ಹಕ್ಕಿಯಂತೆ ಕಾಣುತ್ತದೆ. ಎಂಎಸ್‌ಎ ಎಂಬುದರಲ್ಲಿ ಮೆದುಳಿನ ಕಾಂಡದೊಳಗೆ ಕೂಡುಚಿಹ್ನೆಯಂಥ ಬಿಳಿ ಗೆರೆ ಮೂಡುತ್ತದೆ. ಕಂಡರೆ ನಂಬಬಹುದು, ಕಾಣದಿದ್ದರೆ ಇಲ್ಲವೆಂದು ಹೇಳಲಾಗುವುದಿಲ್ಲ, ಶುರುವಿನಲ್ಲಿ ಎಷ್ಟೋ ಜನರಲ್ಲಿ ಇವು ಇರುವುದೇ ಇಲ್ಲ.

3 ಟೆಸ್ಲಾದ ಶಕ್ತಿಶಾಲಿ ಎಂಆರ್‌ಐನಲ್ಲಿ ಆರೋಗ್ಯವಂತರ ಆ ಕಪ್ಪು ಭಾಗದೊಳಗೆ ಕವಲುತೋಕೆ ಹಕ್ಕಿಯ ಬಾಲದಂಥ ಒಂದು ಆಕಾರ ಕಾಣುತ್ತದೆ, ಪಾರ್ಕಿನ್ಸನ್ ಇದ್ದರೆ ಅದು ಅಳಿಸಿಹೋಗಿರುತ್ತದೆ. 2014ರಲ್ಲಿ ಇದರ ಬಗ್ಗೆ ಬಹಳ ಆಸೆ ಹುಟ್ಟಿಸಿದ ವರದಿ ಬಂತು. ಒಳ್ಳೆಯ ಯಂತ್ರ, ಅಲುಗಾಡದೆ ಮಲಗುವ ರೋಗಿ, ಪಳಗಿದ ಕಣ್ಣು ಮೂರೂ ಕೂಡಿಬಂದರೆ ಸಹಾಯವಾಗುತ್ತದೆ. ನಡುಗುವ ಮನುಷ್ಯ ಅಲುಗಾಡದೆ ಮಲಗಬೇಕು ಎಂಬುದೇ ಅದರ ಕಷ್ಟ.

ಈಗ ನೀವು ಕೇಳಿದ ಡೋಪಮೈನ್ ಸ್ಕ್ಯಾನ್. ಡೋಪಮೈನ್ ತರುವ ಎಳೆಗಳ ತುದಿಯಲ್ಲಿ ಟ್ರಾನ್ಸ್‌ಪೋರ್ಟರ್ ಎಂಬ ಸಣ್ಣ ಪ್ರೋಟೀನುಗಳಿರುತ್ತವೆ. ಅವಕ್ಕೆ ಹೋಗಿ ಅಂಟಿಕೊಳ್ಳುವ, ಸ್ವಲ್ಪವೇ ವಿಕಿರಣ ಹೊಮ್ಮಿಸುವ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಕೆಲವು ಗಂಟೆ ಕಾದು, ಕ್ಯಾಮೆರಾದಡಿ ಮಲಗಿಸಿ ಚಿತ್ರ ತೆಗೆಯುತ್ತಾರೆ. ವಿದೇಶಗಳಲ್ಲಿ ಹೆಚ್ಚಾಗಿ ಬಳಸುವುದು ಅಯೋಡಿನ್-123 ಸೇರಿಸಿದ ಐಯೋಫ್ಲುಪೇನ್. ಯುರೋಪಿನಲ್ಲಿ 2000ದಲ್ಲಿ, ಅಮೆರಿಕದಲ್ಲಿ 2011ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಟೆಕ್ನೀಷಿಯಮ್ ಬಳಸುವ ಟ್ರೋಡ್ಯಾಟ್ ಸ್ಕ್ಯಾನ್ ಮತ್ತು ಎಫ್-ಡೋಪಾ ಪೆಟ್ ಸ್ಕ್ಯಾನ್‌ಗಳು ಇದೇ ಕೆಲಸಕ್ಕೆ ಬಳಕೆಯಲ್ಲಿವೆ.

ಆ ಚಿತ್ರ ಹೇಗಿರುತ್ತದೆಂದು ಹೇಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಹೊಳೆಯುವ ಅಲ್ಪವಿರಾಮ ಚಿಹ್ನೆಗಳು. ತಲೆ ದಪ್ಪ, ಹಿಂದಕ್ಕೆ ಬಾಗಿದ ಬಾಲ. ಇದು ನಾರ್ಮಲ್. ಪಾರ್ಕಿನ್ಸನ್‌ನಲ್ಲಿ ಮೊದಲು ಮಂಕಾಗುವುದು ಆ ಬಾಲ, ಅದೂ ನಡುಗುವ ಕೈಗೆ ಎದುರಿನ ಕಡೆಯದು. ಬಲಗೈ ನಡುಗಿದರೆ ಮೆದುಳಿನ ಎಡಭಾಗದ್ದು. ಕೊನೆಗೆ ಬಾಲವೆಲ್ಲ ಅಳಿಸಿ ಬರೀ ಚುಕ್ಕಿ ಉಳಿಯುತ್ತದೆ.

ಆದರೆ ಗಮನಿಸಿ, ಈ ಚಿತ್ರ ಉತ್ತರಿಸುವುದು ಒಂದೇ ಒಂದು ಪ್ರಶ್ನೆಗೆ: ಡೋಪಮೈನ್ ತರುವ ಎಳೆಗಳು ಕಡಿಮೆಯಾಗಿವೆಯೇ, ಇಲ್ಲವೇ? ನೀವು ಕೇಳುತ್ತಿರುವುದು ಅಪ್ಪನಿಗೆ ಪಾರ್ಕಿನ್ಸನ್ ಇದೆಯೇ ಎಂದು. ಎರಡೂ ಒಂದೇ ಪ್ರಶ್ನೆಯಲ್ಲ. ಪಿಎಸ್‌ಪಿ, ಎಂಎಸ್‌ಎ, ಲೆವಿ ಬಾಡಿ ಮರೆವಿನ ಕಾಯಿಲೆಗಳಲ್ಲೂ ಅಲ್ಪವಿರಾಮದ ಬಾಲ ಅಳಿಸುತ್ತದೆ. ಅವುಗಳಿಂದ ಪಾರ್ಕಿನ್ಸನ್ನನ್ನು ಬೇರೆಮಾಡಿ ಹೇಳಲು ಈ ಸ್ಕ್ಯಾನಿಗೆ ಆಗುವುದಿಲ್ಲ. ಅದು ಚೆನ್ನಾಗಿ ಬೇರೆಮಾಡುವುದು ಇನ್ನೊಂದು ಗುಂಪನ್ನು: ಎಸೆನ್ಷಿಯಲ್ ಟ್ರೆಮರ್ ಎಂಬ, ವಂಶಪಾರಂಪರ್ಯವಾಗಿ ಬರಬಹುದಾದ, ಟೀ ಲೋಟ ಹಿಡಿದಾಗ ಕೈ ನಡುಗುವ ತೊಂದರೆ; ಔಷಧಿಯಿಂದ ಬಂದ ನಡುಕ. ಇವೆರಡರಲ್ಲೂ ಸ್ಕ್ಯಾನ್ ನಾರ್ಮಲ್.

ನೂರಕ್ಕೆ ನೂರು ಎಂಬ ಮಾತು ಎಲ್ಲಿಂದ ಬಂತು ಎಂಬುದೂ ಗೊತ್ತಿರಲಿ. 2000ದಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಪಾರ್ಕಿನ್ಸನ್ ಬಗೆಯ ಕಾಯಿಲೆ ಇದ್ದವರಲ್ಲಿ ಶೇ. 97ರಷ್ಟು ಜನರ ಸ್ಕ್ಯಾನ್ ಕೆಟ್ಟಿತ್ತು, ಎಸೆನ್ಷಿಯಲ್ ಟ್ರೆಮರ್ ಇದ್ದ ಎಲ್ಲರದ್ದೂ ನಾರ್ಮಲ್ ಇತ್ತು. ಅದ್ಭುತ ಅಂಕಿ, ನಿಜ. ಆದರೆ ಅಲ್ಲಿಗೆ ಆಯ್ದುಕೊಂಡಿದ್ದು ಕಾಯಿಲೆ ಸ್ಪಷ್ಟವಾಗಿ ಗೊತ್ತಾಗಿದ್ದವರನ್ನೇ. ಚೆನ್ನಾಗಿ ಹಣ್ಣಾದ ಬಾದಾಮಿಯನ್ನೂ ಕೊಕ್ಕಿನ ತೋತಾಪುರಿಯನ್ನೂ ಪಕ್ಕಪಕ್ಕ ಇಟ್ಟರೆ ಯಾರಾದರೂ ಬೇರೆಮಾಡುತ್ತಾರೆ. ಅನುಮಾನ ಬರುವುದು ಎಳೆಗಾಯಿಯಲ್ಲಿ. ಸ್ಕ್ಯಾನ್ ಬೇಕೆನಿಸುವುದೂ ಅನುಮಾನ ಇದ್ದಾಗಲೇ.

2012ರಲ್ಲಿ ಹಳೆಯ ಅಂಕಿಗಳನ್ನು ಮತ್ತೆ ಲೆಕ್ಕಹಾಕಿದ ಒಂದು ಲೇಖನ ಬಂತು. ಕಾಯಿಲೆಯ ಆರಂಭದಲ್ಲಿ ಸ್ಕ್ಯಾನಿನ ನಿಖರತೆ ಶೇ. 84, ವೈದ್ಯರು ಕೈಯಾರೆ ಪರೀಕ್ಷಿಸಿ ಹೇಳಿದ್ದರದ್ದೂ ಶೇ. 84. ಕಾಯಿಲೆ ಬಲಿತ ಮೇಲೆ ಎರಡೂ ಶೇ. 98. ಎಂದರೆ ಪಳಗಿದ ವೈದ್ಯರು ಎಲ್ಲಿ ತಡವರಿಸುತ್ತಾರೋ ಸ್ಕ್ಯಾನಿನ ನಿಖರತೆಯೂ ಅಲ್ಲೇ ಇಳಿಯುತ್ತದೆ. ಇದರಲ್ಲಿ ಇನ್ನೊಂದು ಸಿಕ್ಕೂ ಇದೆ. ಇಂಥ ಅಧ್ಯಯನಗಳಲ್ಲಿ ಸ್ಕ್ಯಾನ್ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ವೈದ್ಯರ ಅಭಿಪ್ರಾಯವನ್ನೇ ಅಳತೆಗೋಲು ಮಾಡಿಕೊಂಡು. ನಿಜವಾದ ಅಳತೆಗೋಲು ಮರಣಾನಂತರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಲಂಡನ್ನಿನಲ್ಲಿ ಹಾಗೆ ನೋಡಿ 1992ರಲ್ಲಿ ಪ್ರಕಟಿಸಿದಾಗ, ಬದುಕಿದ್ದಾಗ ಪಾರ್ಕಿನ್ಸನ್ ಎಂದು ಗೊತ್ತುಮಾಡಿದ್ದ 100 ಜನರಲ್ಲಿ 76 ಜನರಿಗಷ್ಟೇ ಅದು ಇತ್ತು. ನರರೋಗದವರೆಲ್ಲ ಆ ಸಂಖ್ಯೆಯಿಂದ ಪಾಠ ಕಲಿತರು. ಕೈಪರೀಕ್ಷೆಯೂ ಪರಿಪೂರ್ಣವಲ್ಲ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

ಇನ್ನೊಂದು ಪ್ರಸಂಗ ಹೇಳಬೇಕು. ಅಮೆರಿಕದಲ್ಲಿ, ಪಾರ್ಕಿನ್ಸನ್ನಿಗೆ ಕೊಡುವ ಮುಖ್ಯ ಔಷಧಿಯಾದ ಲೆವೊಡೋಪಾದ ಬಗ್ಗೆ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಆರಂಭದ ಪಾರ್ಕಿನ್ಸನ್ ಎಂದು ನುರಿತ ತಜ್ಞರೇ ಆಯ್ದ ರೋಗಿಗಳಲ್ಲಿ 142 ಜನರಿಗೆ ಇಂಥದೇ ಸ್ಕ್ಯಾನ್ ಮಾಡಿದರು. 21 ಜನರದ್ದು ನಾರ್ಮಲ್! ಮುಂದೆ ಅವರನ್ನು ಗಮನಿಸುತ್ತಾ ಹೋದಾಗ ಬಹುಮಟ್ಟಿಗೆ ಅವರ ಸ್ಕ್ಯಾನ್ ನಾರ್ಮಲ್ ಆಗಿಯೇ ಉಳಿಯಿತು, ಲೆವೊಡೋಪಾದಿಂದ ಹೇಳಿಕೊಳ್ಳುವಂಥ ಗುಣವೂ ಸಿಗಲಿಲ್ಲ. ಇಲ್ಲಿ ಸ್ಕ್ಯಾನೇ ಸರಿಯಾಗಿತ್ತು. ಆದ್ದರಿಂದ ಅದನ್ನು ಬೇಡವೇ ಬೇಡ ಎನ್ನುವವರ ಗುಂಪಿಗೂ ನಾನು ಸೇರಿಲ್ಲ. ನಾರ್ಮಲ್ ಬಂದ ಡೋಪಮೈನ್ ಸ್ಕ್ಯಾನಿಗೆ ಬಹಳ ಬೆಲೆ ಇದೆ: ಪಾರ್ಕಿನ್ಸನ್ ಅಲ್ಲದಿರಬಹುದು, ಮತ್ತೆ ಯೋಚಿಸಿ ಎಂದು ಅದು ನಮ್ಮನ್ನು ತಡೆಯುತ್ತದೆ. ಅದು ಕೆಟ್ಟುಬಂದರೆ ಸಿಗುವ ಮಾಹಿತಿ ಮಾತ್ರ ಜನ ಅಂದುಕೊಂಡಷ್ಟಿಲ್ಲ.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಶೇ. 95ರಷ್ಟು ನಿಖರವಾದ ಒಂದು ಪರೀಕ್ಷೆ ಇದೆ ಎಂದಿಟ್ಟುಕೊಳ್ಳಿ. ಕಾಯಿಲೆ ಇರುವವರು ಅರ್ಧ, ಇಲ್ಲದವರು ಅರ್ಧ ಇರುವ 100 ಜನರಿಗೆ ಮಾಡಿದರೆ, ‘ಇದೆ’ ಎಂದು ಬಂದ 50 ಜನರಲ್ಲಿ ಎರಡು ಮೂರು ಮಂದಿಯದ್ದಷ್ಟೇ ಸುಳ್ಳು. ಅದೇ ಪರೀಕ್ಷೆಯನ್ನು ಐದೇ ಜನಕ್ಕೆ ಕಾಯಿಲೆ ಇರುವ 100 ಜನರಿಗೆ ಮಾಡಿ: ‘ಇದೆ’ ಎಂದು ಸರಿಯಾಗಿ ಬರುವುದು ಐದು, ಸುಳ್ಳಾಗಿ ಬರುವುದೂ ಐದು. ಪರೀಕ್ಷೆ ಬದಲಾಗಲಿಲ್ಲ, ಆದರೂ ಅದರ ಮಾತಿನ ತೂಕ ಅರ್ಧಕ್ಕಿಳಿಯಿತು. ಹಾಗಾಗಿಯೇ ಅಪ್ಪನಿಗೆ ಬಂದಿದೆ, ನನಗೂ ಇರಬಹುದೇ ಎಂದು ಲಕ್ಷಣವಿಲ್ಲದ ಮಕ್ಕಳು ಹೋಗಿ ಸ್ಕ್ಯಾನ್ ಮಾಡಿಸಿಕೊಳ್ಳುವುದು ಬೇಡ ಎನ್ನುವುದು.

ಉಳಿದ ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಎಫ್‌ಡಿಜಿ ಪೆಟ್ ಸ್ಕ್ಯಾನ್ ಮೆದುಳಿನ ಯಾವ ಭಾಗ ಎಷ್ಟು ಸಕ್ಕರೆ ಬಳಸುತ್ತದೆ ಎಂದು ನೋಡುತ್ತದೆ; ಡೋಪಮೈನ್ ಸ್ಕ್ಯಾನಿಗೆ ಆಗದ ಕೆಲಸವನ್ನು, ಎಂದರೆ ಪಾರ್ಕಿನ್ಸನ್, ಪಿಎಸ್‌ಪಿ, ಎಂಎಸ್‌ಎಗಳನ್ನು ಒಂದರಿಂದ ಒಂದು ಬೇರೆಮಾಡುವುದನ್ನು, ಇದು ಬಹುಮಟ್ಟಿಗೆ ಮಾಡುತ್ತದೆ. 2010ರ ಒಂದು ಅಧ್ಯಯನದಲ್ಲಿ ಅದು ಪಾರ್ಕಿನ್ಸನ್ ಇದ್ದವರಲ್ಲಿ ಶೇ. 84ರಷ್ಟು ಜನರನ್ನು ಸರಿಯಾಗಿ ಗುರುತಿಸಿತು, ಪಾರ್ಕಿನ್ಸನ್ ಅಲ್ಲದವರಲ್ಲಿ ಶೇ. 97ರಷ್ಟು ಜನರಿಗೆ ಅದು ಅಲ್ಲವೆಂದು ಸರಿಯಾಗಿ ಹೇಳಿತು. ಜಪಾನಿನಲ್ಲಿ ಎಂಐಬಿಜಿ ಎಂಬ ಹೃದಯದ ಸ್ಕ್ಯಾನ್ ಹೆಚ್ಚು ಬಳಕೆಯಲ್ಲಿದೆ. ಮೆದುಳಿನ ಕಾಯಿಲೆಗೆ ಹೃದಯ ಯಾಕೆಂದರೆ, ಪಾರ್ಕಿನ್ಸನ್‌ನಲ್ಲಿ ಹೃದಯದ ನರಗಳೂ ಸವೆಯುತ್ತವೆ. ಆದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರಲ್ಲಿ ಅದನ್ನು ನಂಬುವುದು ಕಷ್ಟ. ಕಿವಿಯ ಮೇಲ್ಭಾಗದ ಮೂಳೆಯ ಮೂಲಕ ಮಾಡುವ ಅಲ್ಟ್ರಾಸೌಂಡ್ ಅಗ್ಗ, ಆದರೆ ಸುಮಾರು ಹತ್ತರಲ್ಲೊಬ್ಬರಿಗೆ ಮೂಳೆ ದಪ್ಪವಿದ್ದು ಒಳಗೇನೂ ಕಾಣುವುದಿಲ್ಲ, ಕಂಡರೂ ಮಾಡುವವರ ಕೈಗುಣದ ಮೇಲೆ ನಿಂತಿದೆ.

ಹಾಗಾದರೆ ನೀವೀಗ ಏನು ಮಾಡಬೇಕು? ಸಾಲ ಮಾಡಬೇಡಿ. ಸದ್ಯಕ್ಕೆ ಸ್ಕ್ಯಾನ್ ಬೇಡ. ಮೊದಲು ಅಪ್ಪ ನುಂಗುವ ಎಲ್ಲ ಮಾತ್ರೆಗಳನ್ನೂ ಸ್ಟ್ರಿಪ್ಪಿನ ಸಮೇತ ಒಂದು ಚೀಲದಲ್ಲಿ ಹಾಕಿ. ನಾಟಿ ಔಷಧಿ, ಪುಡಿ, ಕಷಾಯ ಇದ್ದರೆ ಅವೂ ಇರಲಿ. ಬ್ಯಾಂಕಿನದ್ದೋ ಸೊಸೈಟಿಯದ್ದೋ ನಾಲ್ಕೈದು ವರ್ಷದ ಹಿಂದಿನ ಕಾಗದದಲ್ಲಿ ಅವರ ಸಹಿ ಇದ್ದರೆ ಹುಡುಕಿ, ಇವತ್ತೊಂದು ಸಹಿ ಹಾಕಿಸಿ ಪಕ್ಕದಲ್ಲಿಡಿ. ಪಾರ್ಕಿನ್ಸನ್‌ನಲ್ಲಿ ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಕುಗ್ಗುತ್ತದೆ. ಅವರು ಅಂಗಳದಲ್ಲಿ ಹೋಗಿ ತಿರುಗಿ ಬರುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ, ಬಲಗೈ ಬೀಸುತ್ತದೆಯೇ ಅಥವಾ ಮಡಚಿಕೊಂಡು ಪಕ್ಕದಲ್ಲೇ ಉಳಿಯುತ್ತದೆಯೇ ಎಂಬುದು ಕಾಣುವ ಹಾಗೆ. ಟಿವಿ ನೋಡುತ್ತಾ ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟಾಗ ಹೆಬ್ಬೆರಳು ತೋರುಬೆರಳು ಗುಳಿಗೆ ಉರುಳಿಸಿದಂತೆ ಆಡುತ್ತವೆಯೇ, ಮುದ್ದೆ ಮುರಿಯಲು ಕೈ ಚಾಚಿದ ತಕ್ಷಣ ನಿಲ್ಲುತ್ತದೆಯೇ ನೋಡಿ. ಒಗ್ಗರಣೆಯ ವಾಸನೆ, ಹಣ್ಣಾದ ಮಾವಿನ ವಾಸನೆ ಅವರಿಗೆ ಮೊದಲಿನಂತೆ ಬರುತ್ತದೆಯೇ ಕೇಳಿ. ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುತ್ತಾರೆಯೇ ಎಂಬುದನ್ನು ನಿಮ್ಮ ಅಮ್ಮನನ್ನು ಕೇಳಿ, ಅದು ಅವರಿಗೇ ಗೊತ್ತಿರುತ್ತದೆ. ವಾಸನೆ ಹೋಗುವುದು, ಈ ನಿದ್ದೆಯ ಗಲಾಟೆ ಎರಡೂ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಶುರುವಾಗಿರುವುದುಂಟು. ಔಷಧಿಯಿಂದ ಬಂದ ನಡುಕದಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ಇಷ್ಟನ್ನೂ ಹಿಡಿದುಕೊಂಡು ನಿಮ್ಮನ್ನು ಮೊದಲು ನೋಡಿದ ವೈದ್ಯರ ಹತ್ತಿರವೇ ಹೋಗಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಮೊದಲ ಹಂತದಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಸೇರಿದ್ದವು. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿದರೂ ದಾರಿ ಸಿಗುತ್ತದೆ.

ಚೀಲದಲ್ಲಿ ಲೆವೊಸಲ್ಪಿರೈಡ್ ಇದ್ದರೆ ವೈದ್ಯರ ಸಲಹೆಯಂತೆ ನಿಲ್ಲಿಸಿ, ಕಾಯಿರಿ. ಕೆಲವರಿಗೆ ವಾರಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. (ಮನೋರೋಗದ ಮಾತ್ರೆಗಳಾದರೆ ಯಾವ ಕಾರಣಕ್ಕೂ ನೀವಾಗಿ ನಿಲ್ಲಿಸಬಾರದು.) ಅಷ್ಟು ಕಾದ ಮೇಲೂ ನಡುಕ ಹಾಗೇ ಇದ್ದರೆ, ಡೋಪಮೈನ್ ಸ್ಕ್ಯಾನಿಗೆ ಖರ್ಚು ಮಾಡಿ ಎಂದು ನಾನೇ ಹೇಳುತ್ತೇನೆ. ಔಷಧಿ ಬರೀ ಬಾಗಿಲು ಮುಚ್ಚಿತ್ತೇ, ಒಳಗೊಳಗೇ ಶುರುವಾಗಿದ್ದ ಪಾರ್ಕಿನ್ಸನ್ ಅದರಿಂದ ಬೇಗ ಹೊರಬಿತ್ತೇ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ಕಡಿಮೆ.

ಚೀಲದಲ್ಲಿ ಅಂಥದ್ದೇನೂ ಇಲ್ಲದೆ, ವೈದ್ಯರು ಮತ್ತೊಮ್ಮೆ ನೋಡಿ ಪಾರ್ಕಿನ್ಸನ್ ಎಂದೇ ಹೇಳಿದರೆ, ಲೆವೊಡೋಪಾ ಶುರುಮಾಡಿಸಿ. ಮಾತ್ರೆಯಿಂದ ಕೈಕಾಲು ಚೆನ್ನಾಗಿ ಸಡಿಲವಾದರೆ ಅದೂ ಒಂದು ಬಲವಾದ ಸಾಕ್ಷಿ. ಈಗಲೇ ಶುರುಮಾಡಿದರೆ ಮುಂದೆ ಔಷಧಿ ಹಿಡಿಯುವುದಿಲ್ಲ ಎಂಬ ಹೆದರಿಕೆ ಚಿಕ್ಕಪ್ಪನವರಿಗಿದ್ದರೆ ಹೇಳಿ: 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 445 ರೋಗಿಗಳಲ್ಲಿ ಕೆಲವರಿಗೆ ಕೂಡಲೇ, ಉಳಿದವರಿಗೆ 40 ವಾರ ತಡವಾಗಿ ಲೆವೊಡೋಪಾ ಕೊಟ್ಟು ನೋಡಿದ್ದಾರೆ. 80 ವಾರದ ಕೊನೆಗೆ ಎರಡೂ ಗುಂಪು ಒಂದೇ ಸ್ಥಿತಿಯಲ್ಲಿದ್ದವು. ಬೇಗ ಕೊಟ್ಟದ್ದರಿಂದ ಕೆಡಲಿಲ್ಲ. ತಡಮಾಡಿದವರು ಅಷ್ಟು ದಿನ ಕಷ್ಟಪಟ್ಟದ್ದಷ್ಟೇ ಬಂತು.

ಸ್ಟ್ರಿಪ್ಪಿನ ಮೇಲಿನ ಹೆಸರು ಓದಲು ಬಾರದಿದ್ದರೆ ಫೋಟೋ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಆ ಗ್ಯಾಸ್ ಮಾತ್ರೆ ನಿಲ್ಲಿಸುವ ದಿನ ಬಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿ, ಅಪ್ಪನ ಕೈಯಿಂದ ಅದರ ಪಕ್ಕದಲ್ಲೇ ಒಂದು ಸಹಿ ಹಾಕಿಸಿ. ಪ್ರತಿ ತಿಂಗಳೂ ಅದೇ ತಾರೀಖಿಗೆ ಇನ್ನೊಂದು.